ಉಳಿದ ಎರಡು ದೋಣಿಗಳು

"ಎಲ್ಲರ ದೋಣಿಯ ಕಡತವೂ ಅಳಿಸಿಹೋಗಿದೆ. ನಿಮ್ಮ ಸೋದರಮಾವನ 'ಝೊರಾಯ್ಡಾ' ಮಾತ್ರ ಹೇಗೆ ಉಳೀತು?"

ವಾಲ್ಪರೈಸೊ ಮೀನುಗಾರರ ಸಂಘದ ಕಚೇರಿಯಲ್ಲಿ, ತಪ್ಪು ಹುಡುಕಲು ಬಂದಿದ್ದ ರೊಮಿನಾ ಕಂಪ್ಯೂಟರಿನಲ್ಲಿ ಬೇಡದ ಕಡತಗಳನ್ನು ಅಳಿಸುವ ಸ್ಕ್ರಿಪ್ಟ್ ಬರೆದ ಎಲಿಯಾಸರ್‌ನನ್ನು ಮೊದಲು ಮಾತಾಡಿಸಿದ್ದೇ ಹೀಗೆ. ಬಾಗಿಲ ತುಂಬ ಮೀನುಗಾರರು. ಕಡತವಿಲ್ಲದೆ ಯಾರೂ ಕಡಲಿಗಿಳಿಯುವಂತಿರಲಿಲ್ಲ.

"ಪರೀಕ್ಷೆಗೆ ಅಂತ ಮಾಡಿದ ಕಡತಗಳ ಹೆಸರು ಎ, ಬಿ, ಸಿ-ಯ ಸಣ್ಣಕ್ಷರದಿಂದ ಶುರುವಾಗ್ತವೆ, ದೋಣಿಯವು ದೊಡ್ಡಕ್ಷರದಿಂದ. ಸಣ್ಣದನ್ನ ಮಾತ್ರ ಅಳಿಸು ಅಂತ ಬರೆದಿದ್ದೆ ಮೇಡಂ. ದೇವರಾಣೆ."

ಅವನ ಕಣ್ಣಿನಿಂದ ನೋಟ ಕೀಳಲು ಅವಳಿಗಾಗಲಿಲ್ಲ. 'ಕೆಲಸಕ್ಕೆ ಬಂದವಳಿಗೆ ಇದೇನು...' ತನ್ನ ಮೇಲೇ ಸಿಟ್ಟು ಬಂತು. ಸ್ಕ್ರಿಪ್ಟನ್ನು ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಓಡಿಸಿದಳು. ದೊಡ್ಡಕ್ಷರದ ಒಂದು ಕಡತವೂ ಅಳಿಯಲಿಲ್ಲ.

"ಸ್ಕ್ರಿಪ್ಟ್ ಸರಿಯಾಗೇ ಇದೆ. ಅಂದ್ರೆ ಕೈಯಾರೆ ಅಳಿಸಿದ್ದೀರಿ, ಮಾವನದನ್ನ ಬಿಟ್ಟು."

"'ಝಫೀರೊ'ನೂ ಉಳಿದಿದೆಯಲ್ಲ... ಅದು ಯಾರದೋ ನನಗೆ ಗೊತ್ತೇ ಇಲ್ಲ."

"ಕಣ್ಣಿಗೆ ಮಣ್ಣೆರಚೋಕೆ ಇನ್ನೊಂದು ಬೇಕಲ್ವಾ?"

ಯಾರೋ ಅವನ ಮೇಲೆ ಉಗಿದರು. ಅವಳು ತಡೆಯಲಿಲ್ಲ.

ಅವನ ಕೆಲಸ ಹೋಯಿತು. ಹಳೆಯ ಪ್ರತಿಗಳಿಂದ ಕಡತಗಳು ವಾರದಲ್ಲಿ ಮರಳಿದವು, ಮಾನ ಮರಳಲಿಲ್ಲ. ಮಾವ ಹಿಡಿದು ತಂದ ಮೆರ್ಲುಸಾ ಮೀನನ್ನು ದಕ್ಕೆಯಲ್ಲಿ ಯಾರೂ ಮುಟ್ಟಲಿಲ್ಲ.

ಮೂರು ತಿಂಗಳಾದರೂ ಆ ಕಣ್ಣು ಅವಳನ್ನು ಬಿಡಲಿಲ್ಲ. ಕಚೇರಿಯ ಹಳೇ ಕಂಪ್ಯೂಟರ್ ಬದಲಿಸಲು ಬಂದವಳು, ಮನಸ್ಸು ತಡೆಯದೆ ಅದೇ ಸ್ಕ್ರಿಪ್ಟನ್ನು ನಕಲು ಕಡತಗಳ ಮೇಲೆ ಅದರಲ್ಲೇ ಓಡಿಸಿದಳು.

ಎಲ್ಲ ಮಾಯ. ಉಳಿದದ್ದು ಝೊರಾಯ್ಡಾ, ಝಫೀರೊ.

ಹಳೇ ಯಂತ್ರ ನಿಘಂಟಿನ ಹಾಗೆ ಎಣಿಸುತ್ತಿತ್ತು... ಸಣ್ಣ ಎ, ದೊಡ್ಡ ಎ, ಸಣ್ಣ ಬಿ, ದೊಡ್ಡ ಬಿ. ಸಣ್ಣ ಎ-ಯಿಂದ ಸಣ್ಣ ಝಡ್‌ವರೆಗೆ ಅಂದರೆ ನಡುವಿನ ದೊಡ್ಡಕ್ಷರಗಳೂ ಸೇರಿ ಹೋಗುತ್ತಿದ್ದವು. ದೊಡ್ಡ ಝಡ್ ಒಂದೇ ಆಚೆ; ಉಳಿದ ಎರಡೂ ದೋಣಿಗಳ ಹೆಸರು ಶುರುವಾಗುವುದು ಅದರಿಂದಲೇ. ಅವಳ ಹೊಸ ಲ್ಯಾಪ್‌ಟಾಪ್ ಹಾಗೆ ಎಣಿಸುವುದಿಲ್ಲ. ಅಲ್ಲ ಕಣೇ, ಅವತ್ತೇ ಈ ಯಂತ್ರದ ಮುಂದೆ ಐದು ನಿಮಿಷ ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡಳು.

ದಕ್ಕೆಯಲ್ಲಿ ಎಲಿಯಾಸರ್ ಬಲೆ ಹೊಲಿಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು.

"ನನಗ್ಯಾಕೆ ಹೇಳ್ತೀರಿ? ನಾನು ಕಳ್ಳ ಅಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಅವರಿಗೆ ಹೇಳಿ."

ಮೀನು ಹರಾಜಿನ ಕಟ್ಟೆ ಹತ್ತಿ ಎಲ್ಲರಿಗೂ ಹೇಳಿದಳು. ಮೀನುಗಾರರು ಬಾಯಿಗೆ ಬಂದಂತೆ ಬೈದರು. ಯಾರೋ ಮೀನಿನ ಕರುಳು ಎಸೆದರು. ಅಲುಗದೆ ನಿಂತು ಮಾತು ಮುಗಿಸಿ, ಇಳಿದು ಅವನ ಬಳಿ ಬಂದಳು.

"ಅವತ್ತೇ ನಿನಗೆ ಮನಸ್ಸು ಸೋತಿದ್ದೆ. ಪಕ್ಷಪಾತ ಆದೀತು ಅಂತ ಇನ್ನೂ ಕಠಿಣಳಾದೆ."

"ಪ್ರೀತಿಸಿದ್ದಕ್ಕೇ ಇಷ್ಟು ಶಿಕ್ಷೆ. ದ್ವೇಷಿಸಿದ್ದರೆ ಏನ್ ಮಾಡ್ತಿದ್ರಿ?"

ಅವಳಿಗೆ ಅಳು ಒತ್ತರಿಸಿ ಬಂತು. "ನಿಮ್ಮ ಮಾವನ ಕಾಲಿಗೆ ಬೀಳ್ತೀನಿ. ಎಲ್ಲಿದ್ದಾರೆ?"

"ಹೋದ ತಿಂಗಳು ಮಣ್ಣು ಮಾಡಿದ್ವಿ. ಕಳ್ಳನ ಮಾವ ಅಂತ ನಾಲ್ಕು ಜನರೂ ಹೆಣಕ್ಕೆ ಹೆಗಲು ಕೊಡಲಿಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಅವರ ಸಮಾಧಿ ಹತ್ರಾನೂ ಹೋಗಿ ಹೇಳ್ತೀನಿ... ನೀನು ಬರ್ತೀಯಾ?"

ಅವನು ಬಲೆ ಕೆಳಗಿಟ್ಟ. ಅವಳ ಕೂದಲಿಗೆ ಅಂಟಿದ್ದ ಮೀನಿನ ಪೊರೆಯನ್ನು ಮೆಲ್ಲಗೆ ತೆಗೆದ.

"ಬರ್ತೀನಿ, ನಡಿ. ಅಲ್ಲಿಗೆ ನಿನ್ನ ಒಬ್ಬಳನ್ನೇ ಕಳಿಸೋಷ್ಟು ಕಲ್ಲುಮನಸ್ಸು ನನ್ನದಲ್ಲ."