ಮುನ್ನೂರ ಹದಿನೇಳನೇ ನಂಬರಿನ ಬಟ್ಟೆಗಳು

"ಇಷ್ಟು ಬಟ್ಟಿ ಯಾಕ್ರಿ? ಒಂದು ತಿಂಗಳಿಗೆ ಅರ್ಧ ಸಾಕು."

ಯರ್ರಿಸ್ವಾಮಿ ಗಂಗೋತ್ರಿಗೆ ಹೇಳಿದ ಮೊದಲ ಮಾತು ಇದು.

ಆಂಧ್ರದ ಗಡಿಯೊಳಗಿನ ರಾಯದುರ್ಗದ ಆ ಜೀನ್ಸ್ ಹೊಲಿಯುವ ಶೆಡ್‌ನಲ್ಲಿ ಹದಿನಾಲ್ಕು ಮಿಷನ್‌ಗಳಿದ್ದವು. ಮಧ್ಯಾಹ್ನದ ಊಟದ ಹೊತ್ತು. ಹದಿಮೂರು ನಿಂತಿದ್ದವು, ಒಂದು ಮಾತ್ರ ಓಡುತ್ತಿತ್ತು. ಅದರ ಮುಂದೆ ಅವನು ಕೂತಿದ್ದ. ಊಟದ ಬಿಡುವಿನಲ್ಲಿ ಹೊರಗಿನವರ ಸಣ್ಣಪುಟ್ಟ ಹೊಲಿಗೆ ಮಾಡಿಕೊಡುತ್ತಾನೆಂದು ಗೆಳತಿ ಸ್ವಪ್ನಾ ಹೇಳಿದ್ದರಿಂದ ಗಂಗೋತ್ರಿ ಬಂದಿದ್ದಳು; ಇವಳು ಓದಲು ಹಾಸ್ಟೆಲ್‌ಗೆ ಹೋಗುವವಳೆಂದು ಅವನಿಗೂ ಸ್ವಪ್ನಾಳೇ ತಿಳಿಸಿದ್ದಳು.

"ನರ್ಸಿಂಗ್ ಒಂದು ತಿಂಗಳದಲ್ಲ. ನಾಕು ವರ್ಷ" ಎಂದಳು.

ಅವನು ತಲೆ ಎತ್ತಲಿಲ್ಲ. ಅವಳ ಕೈಯಲ್ಲಿದ್ದ ಹಾಳೆಯನ್ನು ಇಸಿದುಕೊಂಡು ಓದಿದ. ವಿಶಾಖಪಟ್ಟಣದ ಕಾಲೇಜು ಹಾಸ್ಟೆಲ್ ಕಳಿಸಿದ ಪಟ್ಟಿ ಅದು. ಟ್ರಂಕು, ಬೀಗ, ಬಕೀಟು, ಹಾಸಿಗೆ... ಕೊನೆಯ ಸಾಲು ಹೀಗಿತ್ತು: ಒಗೆಯಲು ಹಾಕುವ ಪ್ರತಿ ಬಟ್ಟೆಗೂ ವಿದ್ಯಾರ್ಥಿನಿಯ ನಂಬರಿನ ಪಟ್ಟಿ ಹೊಲಿದಿರಬೇಕು. ಗಂಗೋತ್ರಿಯ ನಂಬರು 317.

ಹೊಲಿಯಬೇಕಿದ್ದದ್ದು ನಲವತ್ತೆರಡು ಬಟ್ಟೆ. ದಿನಕ್ಕೆ ಹತ್ತರಂತೆ ಗುರುವಾರಕ್ಕೆ ಮುಗಿಸಿಕೊಡುತ್ತೇನೆಂದ. ಅವಳು ಹೊರಡುವುದು ಮುಂದಿನ ಸೋಮವಾರ.

ಗಂಟು ಬಿಚ್ಚಿ ಎಣಿಸಿದವನು, ಒಂದು ಬಿಳಿ ರಿಬ್ಬನ್ನಿನಿಂದ ಹನ್ನೆರಡು ತುಂಡು ಕತ್ತರಿಸಿ, ಪ್ರತಿಯೊಂದರ ಮೇಲೂ ಶಾಯಿಯಲ್ಲಿ 317 ಬರೆದು ಅವಳತ್ತ ಸರಿಸಿದ.

"ಇವು ಬ್ಯಾರೆ. ಒಳಗ ಹಾಕ್ಕೊಳ್ಳೂ ಬಟ್ಟಿಗೆ ಮನ್ಯಾಗ ನೀವೇ ಹೊಲ್ಕೊಳ್ರಿ."

ಗಂಗೋತ್ರಿಯ ಮುಖ ಕೆಂಪಾಯಿತು. ಆ ಬಟ್ಟೆಗಳನ್ನು ಏನು ಮಾಡುವುದೆಂದು ಅವಳು ಎರಡು ದಿನದಿಂದ ಯಾರನ್ನೂ ಕೇಳಲಾಗದೆ ಒದ್ದಾಡಿದ್ದಳು. ಅವಳು ಕೇಳದೆಯೇ ಅವನಿಗೆ ತಿಳಿದಿತ್ತು.

ಜೊತೆಗೆ ಒಂದು ಸೂಜಿ ತೆಗೆದ. ಅವಳು ಕೈ ಚಾಚಿದಳು. ಅವನು ಕೈಗೆ ಕೊಡಲಿಲ್ಲ; ಹಲಗೆಯ ಮೇಲಿಟ್ಟ. ಆ ಕಡೆ ಸೂಜಿಯನ್ನು, ಉಪ್ಪನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂದು ನಂಬಿಕೆ.

"ಕೆಲಸ ಆದ ಮ್ಯಾಲ ವಾಪಸ್ ಕೊಡ್ರಿ" ಎಂದ. "ನನ್ನ ಹತ್ರ ಚಲೋ ಸೂಜಿ ಇದೊಂದೇ."

'ಎಂಥ ಗರ್ವ...' ಎಂದುಕೊಳ್ಳುತ್ತ ಅವಳು ಮನೆಗೆ ಬಂದಳು.

ಆ ಗರ್ವದ ಹಿಂದೆ ಏನಿದೆಯೆಂದು ಸಂಜೆ ಸ್ವಪ್ನಾ ಹೇಳಿದಳು. ಯರ್ರಿಸ್ವಾಮಿಗೆ ಇಪ್ಪತ್ತು ವರ್ಷ. ಎರಡು ವರ್ಷದ ಹಿಂದೆ ವಿಜಯವಾಡದ ಕಡೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಹತ್ತನೆಯವರೆಗೆ ಓದಿದ್ದು ಕನ್ನಡ ಮೀಡಿಯಂ. ಟ್ರಂಕು ಹೊತ್ತುಕೊಂಡು ಹೋದವನು ನಲವತ್ತೊಂದನೇ ದಿನ ಅದೇ ಟ್ರಂಕಿನೊಂದಿಗೆ ವಾಪಸು ಬಂದ. ಶೆಡ್‌ನವರು ಅವನನ್ನು ಕರೆಯುವುದು 'ನಲವತ್ತೊಂದು ದಿನದ ಇಂಜಿನಿಯರ್' ಎಂದೇ. ಮಾಲೀಕ ರಮೇಶ್ ಕೂಡ ಗುಂಡಿ ಕೂರಿಸುವುದರಲ್ಲಿ ತಪ್ಪಾದಾಗಲೆಲ್ಲ, "ನಮ್ಮ ಇಂಜಿನಿಯರ್ ಸಾಹೇಬ್ರನ್ನ ಕೇಳ್ರಪ್ಪ" ಎನ್ನುತ್ತಿದ್ದ.

ಗಂಗೋತ್ರಿಗೆ ಆ ಸಂಜೆ ಊಟ ಸೇರಲಿಲ್ಲ. ಅವಳೂ ಕನ್ನಡ ಮೀಡಿಯಂನವಳೇ.

ಮರುದಿನ ಮುಗಿದ ಬಟ್ಟೆ ಒಯ್ಯಲು ಬಂದಾಗ ಅವಳ ಮಾತಿನಲ್ಲಿ ಬಿಗಿ ಇರಲಿಲ್ಲ. ಅವನೂ ಹೊಲಿಯುತ್ತಲೇ ಹಾಸ್ಟೆಲ್ಲಿನ ಪಟ್ಟಿಯನ್ನು ತಿದ್ದಿದ. ಇಸ್ತ್ರಿಪೆಟ್ಟಿಗೆ ಬೇಡ, ವಾರ್ಡನ್ ಕಿತ್ತುಕೊಳ್ಳುತ್ತಾರೆ. ಬೀಗ ಒಂದಲ್ಲ, ಎರಡು. ನೈಲಾನ್ ಹಗ್ಗ ಮರೆಯಬಾರದು. ಶೇಂಗಾ ಚಟ್ನಿಪುಡಿ ಮತ್ತು ಒಣಗಿಸಿದ ಜೋಳದ ರೊಟ್ಟಿ ಎಷ್ಟು ಒಯ್ದರೂ ಕಡಿಮೆಯೇ.

"ಅಷ್ಟು ನಾನೊಬ್ಬಳೇ ಹ್ಯಾಂಗ ತಿನ್ಲಿ?"

"ತಿನ್ನಾಕಲ್ರಿ, ಕೊಡಾಕ. ರೊಟ್ಟಿ ಕೊಟ್ರ ರೂಮಿನವರು ಮಾತಾಡಸ್ತಾರ. ನಾನು ಡಬ್ಬಿ ಬಿಚ್ಚಲೇ ಇಲ್ಲ. ಅದು ನನ್ನ ತಪ್ಪು."

ಅಷ್ಟು ಹೇಳಿ ಮತ್ತೆ ಮಿಷನ್ ತುಳಿದ. ಗಂಗೋತ್ರಿ ಅವನ ಬೆರಳುಗಳನ್ನು ನೋಡುತ್ತ ನಿಂತಳು. ತನ್ನ ಹಳದಿ ಚೂಡಿದಾರವನ್ನು ಅವನು ಮಡಚಿದ ರೀತಿಯನ್ನು ನೋಡಿದಳು. 'ಇನ್ನು ಆರು ದಿನ... ಇದು ಈಗ ಯಾಕೆ ಶುರುವಾಗಬೇಕಿತ್ತು?'

ಗುರುವಾರ ಕೊನೆಯ ಹನ್ನೆರಡು ಬಟ್ಟೆ ಮುಗಿದವು. ಅವಳು ಸೂಜಿಯನ್ನು ಹಲಗೆಯ ಮೇಲಿಟ್ಟು ಬಂದಳು. ಅವನು ಏನಾದರೂ ಹೇಳುತ್ತಾನೆಂದು ಬಾಗಿಲ ಬಳಿ ತುಸು ನಿಂತಳು. ಅವನು ಸೂಜಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟ.

ಮನೆಯಲ್ಲಿ ಮಾತ್ರ ಸಂಭ್ರಮ. ಅಪ್ಪ ಜಯಣ್ಣ ಎಮ್ಮಾರ್ವೋ ಆಫೀಸಿನಲ್ಲಿ, ಅಂದರೆ ಮಂಡಲದ ಕಂದಾಯ ಕಚೇರಿಯಲ್ಲಿ, ಅಟೆಂಡರ್. ಮಗಳ ಸೀಟಿನ ಆರ್ಡರನ್ನು ಫ್ರೇಮ್ ಹಾಕಿಸಿ ಗೋಡೆಗೆ ತಗುಲಿಸಿದ್ದ. ಆಫೀಸಿಗೆ ಬಂದವರಿಗೆಲ್ಲ ಫೋನಿನಲ್ಲಿ ಅದರ ಫೋಟೋ ತೋರಿಸುತ್ತಿದ್ದ. ಅವ್ವ ಪಾಪಕ್ಕ ನೇಮಕಲ್ಲಿನ ಆಂಜನೇಯನ ಗುಡಿಗೆ ಹೋಗಿ ತಂದ ಸಿಂಧೂರದ ಪೊಟ್ಟಣವನ್ನು ಟ್ರಂಕಿನ ತಳದಲ್ಲಿಟ್ಟಿದ್ದಳು.

ಶುಕ್ರವಾರ ಸಂಜೆ ಬಟ್ಟೆ ಜೋಡಿಸುವಾಗ ಆ ಹಳದಿ ಚೂಡಿದಾರದ ಕೊರಳಿನಿಂದ ನಂಬರಿನ ಪಟ್ಟಿ ಪಾಪಕ್ಕನ ಕೈಗೆ ಬಂತು. ಎಳೆದಿರಲಿಲ್ಲ, ಬರೀ ಮಡಚಿದ್ದಳು.

"ಇದು ಕಚ್ಚಾ ಹೊಲಿಗಿ ಅಲ್ಲೇನ ಗಂಗಾ? ಅಳತಿ ನೋಡಾಕ ಹಾಕ್ತಾರಲ್ಲ, ಅದು. ಒಂದು ಒಗತಕ್ಕೂ ನಿಲ್ಲೂದಿಲ್ಲ."

ಗಂಗೋತ್ರಿ ಇನ್ನೊಂದನ್ನು ಎಳೆದಳು. ದಾರ ಸರ್ರನೆ ಜಾರಿತು. ಮತ್ತೊಂದು. ಮಗದೊಂದು... ನಲವತ್ತೆರಡೂ ಹಾಗೇ ಇದ್ದವು.

ಅವಳಿಗೆ ಮೊದಲ ದಿನದ ಮಾತು ನೆನಪಾಯಿತು. ಒಂದು ತಿಂಗಳಿಗೆ ಅರ್ಧ ಸಾಕು. ಹಾಗಾದರೆ ಅವನು ಇಷ್ಟು ದಿನವೂ ಅದನ್ನೇ ನಂಬಿದ್ದ. ಬೀಗ ಎರಡು, ರೊಟ್ಟಿ ಎಲ್ಲರಿಗೂ ಎಂದು ಹೇಳುತ್ತಲೇ, ಒಳಗೊಳಗೇ ಇವಳು ತನ್ನಂತೆ ಟ್ರಂಕು ಹೊತ್ತು ಬರುವ ದಿನವನ್ನು ಲೆಕ್ಕ ಹಾಕುತ್ತಿದ್ದ!

ಶನಿವಾರ ಮಧ್ಯಾಹ್ನ ನಲವತ್ತೆರಡು ಬಟ್ಟೆಗಳ ಗಂಟನ್ನು ತಂದು ಅವನ ಮಿಷನ್ ಮೇಲೆ ಹಾಕಿದಳು. ಶೆಡ್‌ನಲ್ಲಿ ಬೇರೆ ಯಾರೂ ಇರಲಿಲ್ಲ.

"ಇದೇನ್ರಿ?" ಎಂದಳು.

ಅವನು ಪಟ್ಟಿಯನ್ನು ನೋಡಿದ. "ಕಚ್ಚಾ ಹೊಲಿಗಿ."

"ಅದು ಗೊತ್ತೈತಿ. ಯಾಕ?"

ದಾರ ಮುಗಿದಿತ್ತು, ಹೊತ್ತಿರಲಿಲ್ಲ ಎಂದು ಏನಾದರೊಂದು ಸುಳ್ಳು ಹೇಳುತ್ತಾನೆಂದು ಅವಳು ಕಾದಳು. ಅವನು ತನ್ನ ಅಂಗಿಯ ಕಾಲರನ್ನು ಮಗುಚಿ ತೋರಿಸಿದ. ಒಳಗೆ ಮಾಸಿದ ಪಟ್ಟಿಯ ಮೇಲೆ 88 ಎಂದಿತ್ತು.

"ನನ್ನ ಹಾಸ್ಟೆಲ್ ನಂಬರು. ಎರಡು ವರ್ಷ ಆತು. ಬಿಚ್ಚಿದ್ರ ತೂತು ಕಾಣ್ತಾವ ಅಂತ ಬಿಟ್ಟೀನಿ. ಈ ಅಂಗಿ ಹಾಕ್ಕೊಂಡಾಗೆಲ್ಲ ಕುತಿಗಿಗೆ ತಾಗ್ತೈತಿ. ನೀವೂ ತಿರುಗಿ ಬರ್ತೀರಿ, ನಿಮ್ಮ ಬಟ್ಟಿ ಮ್ಯಾಲ ಗುರ್ತು ಉಳಿಬಾರ್ದು ಅಂತ... ಮೊದಲ್ನೇ ದಿನ ಹಂಗ ಹಾಕಿದೆ."

"ಮತ್ತ ಎರಡನೇ ದಿನ?"

ಅವನು ಕಾಲರನ್ನು ಮತ್ತೆ ಮಡಚಿಕೊಂಡ. ಹೊರಗೆ ಯಾರೋ ಟಿಫಿನ್ ಡಬ್ಬಿ ತೊಳೆಯುವ ಸದ್ದು.

"ಎರಡನೇ ದಿನದಿಂದ, ನೀವು ತಿರುಗಿ ಬರ್ಲಿ ಅಂತ ಹಾಕಿದೆ."

ಗಂಗೋತ್ರಿ ಬೈಯಲೆಂದು ಬಂದಿದ್ದಳು.

"ನನಗೂ ಎರಡನೇ ದಿನದಿಂದನೇ" ಎಂದಳು.

ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅವಳು ಹಾಸ್ಟೆಲ್ ಪಟ್ಟಿಯ ಹಾಳೆಯ ಹಿಂದೆ ತನ್ನ ಫೋನ್ ನಂಬರ್ ಬರೆಯತೊಡಗಿದಳು. ಅವನು ಪೆನ್ನನ್ನು ಮೆಲ್ಲಗೆ ತೆಗೆದುಕೊಂಡ.

ಆಗ ತನ್ನ ನಲವತ್ತೊಂದು ದಿನಗಳ ಕಥೆ ಹೇಳಿದ. ಪಾಠ ಅರ್ಥವಾಗದ್ದು ನಿಜ. ಅವನ ತೆಲುಗು ಕೇಳಿ ರೂಮಿನವರು ನಕ್ಕದ್ದೂ ನಿಜ. ಆದರೆ ಅಲ್ಲಿ ಹಾಗಿದ್ದವರು ಅವನೊಬ್ಬನೇ ಅಲ್ಲ. ಉಳಿದವರು ನಿಧಾನಕ್ಕೆ ಕಲಿತರು. ಅವನ ಅವ್ವ ಮಾತ್ರ ದಿನಾ ಎರಡು ಸಲ ಫೋನ್ ಮಾಡಿ ಅಳುತ್ತಿದ್ದಳು. ಫೋನ್ ಇಟ್ಟ ಮೇಲೆ ಪುಸ್ತಕ ತೆರೆಯಲು ಆಗುತ್ತಿರಲಿಲ್ಲ. ನಲವತ್ತೊಂದನೇ ದಿನ ಅವಳು 'ಬಂದುಬಿಡು' ಎಂದಳು. ಬಂದ. ಈಗ ಅವಳೇ ನೆರೆಯವರೆದುರು, ನನ್ನ ಮಗ ಓದಲಿಲ್ಲ ಎನ್ನುತ್ತಾಳೆ.

"ನಂಬರ್ ಕೊಡಬ್ಯಾಡ್ರಿ. ಕೊಟ್ರ ನಾ ಫೋನ್ ಮಾಡ್ತೀನಿ. ಮಾಡಿದ್ರ ನೀವು ಬರ್ತೀರಿ."

"ಬಂದ್ರ ಏನಾತು?"

"ನಿಮಗೂ ದಿನ ಎಣಿಸಿ ಹೆಸರಿಡ್ತಾರ. ಆಮ್ಯಾಲ ಒಂದಿನ, ನಿನ್ನಿಂದ ಬಂದೆ ಅಂತ ನೀವೇ ಅಂತೀರಿ. ನಮ್ಮವ್ವಗ ನಾ ಅಂದೀನಿ."

ನಾಲ್ಕು ವರ್ಷವೇನು ದೊಡ್ಡದಲ್ಲ, ಕಾಯುತ್ತೇನೆ ಎಂದು ಅವನು ಹೇಳಲೆಂದು ಅವಳು ಕಾದಳು. ಅವನು ಹೇಳಲಿಲ್ಲ. ಓದು ಮುಗಿದ ಮೇಲೆ ಯಾವ ಊರಿನ ಆಸ್ಪತ್ರೆಯೋ, ಯಾವ ವಾರ್ಡೋ... ಅದನ್ನು ಅವನೂ ಬಲ್ಲ, ಅವಳೂ ಬಲ್ಲಳು. ಗೋಡೆಯ ಮೇಲಿನ ಫ್ರೇಮನ್ನು ಅಪ್ಪನ ಕೈಯಿಂದ ಇಳಿಸುವ ಧೈರ್ಯ ಅವಳಿಗಿರಲಿಲ್ಲ.

"ಗಂಟು ಬಿಟ್ಟು ಹೋಗ್ರಿ" ಎಂದ. "ಸೋಮವಾರ ಬಸ್ ಸ್ಟ್ಯಾಂಡಿಗೆ ತರ್ತೀನಿ."

ಭಾನುವಾರ ಶೆಡ್‌ಗೆ ರಜೆ. ರಮೇಶ್ ಬಳಿ ಬೀಗದ ಕೈ ಇಸಿದುಕೊಂಡು ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬನೇ ಕೂತ. ಈ ಸಲ ತನ್ನ ಮಿಷನ್ ಮುಟ್ಟಲಿಲ್ಲ. ಜೀನ್ಸ್ ಪ್ಯಾಂಟಿಗೆ ಬೆಲ್ಟಿನ ಪಟ್ಟಿ ಕೂರಿಸುವ ಮಿಷನ್ನಿನಲ್ಲಿ, ಜೀನ್ಸಿನದೇ ದಪ್ಪ ದಾರದಲ್ಲಿ, ಪ್ರತಿ ಪಟ್ಟಿಯ ನಾಲ್ಕು ಮೂಲೆಗೂ ಹೊಲಿಗೆ ಹಾಕಿದ. ನಲವತ್ತೆರಡು ಬಟ್ಟೆ, ನೂರ ಅರವತ್ತೆಂಟು ಮೂಲೆ. ಕೆಲಸ ಮುಗಿದ ಮೇಲೆ ಒಂದೊಂದನ್ನೂ ಎಳೆದು ನೋಡಿದ. ಒಂದೂ ಸಡಿಲವಿರಲಿಲ್ಲ.

ಸೋಮವಾರ ಸಂಜೆ ಐದೂಕಾಲರ ಬಸ್ಸು. ಗುಂತಕಲ್ಲಿಗೆ ಹೋಗಿ ಅಲ್ಲಿಂದ ರೈಲು. ಜಯಣ್ಣ ಟ್ರಂಕನ್ನು ಬಸ್ಸಿಗೆ ಏರಿಸುತ್ತಿದ್ದ; ಮಗಳನ್ನು ಹಾಸ್ಟೆಲ್‌ವರೆಗೆ ಬಿಟ್ಟು ಬರುವವನು ಅವನೇ. ಪಾಪಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ರೊಟ್ಟಿಯ ಡಬ್ಬಿ ಹಿಡಿದು ನಿಂತಿದ್ದಳು. ಯರ್ರಿಸ್ವಾಮಿ ಗಂಟು ತಂದು ಕೊಟ್ಟ. ಪಾಪಕ್ಕ ಒಂದು ಪಟ್ಟಿಯನ್ನು ಜಗ್ಗಿ ನೋಡಿ, ಹಿಂಗ ಮೊದಲೇ ಮಾಡಿದ್ರ ಏನಾಗ್ತಿತ್ತಪ್ಪ ಎಂದು ಗೊಣಗಿ ಡಬ್ಬಿ, ಗಂಟುಗಳೊಂದಿಗೆ ಬಸ್ಸು ಹತ್ತಿದಳು.

ಇಬ್ಬರೇ ಉಳಿದದ್ದು ಎರಡು ನಿಮಿಷ.

"ಆ ಸೂಜಿ ಕೊಡ್ರಿ" ಎಂದಳು ಗಂಗೋತ್ರಿ.

ಅವನು ಜೇಬಿನಿಂದ ಸೂಜಿಯ ಕಾಗದ ತೆಗೆದು, ಇಡಲು ಜಾಗ ಹುಡುಕುತ್ತ ಸಿಮೆಂಟ್ ಬೆಂಚಿನತ್ತ ಬಾಗಿದ.

"ಕೈಗೆ ಕೊಡ್ರಿ."

"ಜಗಳ ಆಗ್ತೈತಿ."

"ಆಗ್ಲಿ. ಜಗಳ ಆಡಾಕರ ಒಂದಿನ ಇಬ್ರೂ ಎದುರಿಗೆ ನಿಂದರಬೇಕಲ್ರಿ."

ಅವನು ಒಂದು ಕ್ಷಣ ತಡೆದು, ಸೂಜಿಯನ್ನು ಅವಳ ಅಂಗೈಯಲ್ಲಿಟ್ಟ. ಬೆರಳು ತಾಗಿತು. ಅವಳು ಕೈ ಮುಚ್ಚಿಕೊಂಡಳು.

ಅವ್ವ ಇಳಿದಳು. ಗಂಗೋತ್ರಿ ಹತ್ತಿದಳು; ಬಸ್ಸಿನ ಇಂಜಿನ್ ಶುರುವಾಯಿತು. ಅವ್ವ ಗಂಟಿನಿಂದ ತೆಗೆದು ಕೊಟ್ಟ ವೇಲನ್ನು ಹೊದ್ದು ಗಂಗೋತ್ರಿ ಕಿಟಕಿಯ ಬಳಿ ಕೂತಳು. ಅದರ ಅಂಚಿನಲ್ಲಿ 317 ಇತ್ತು. ಅವಳು ಅದನ್ನು ಹಿಡಿದು ಎಳೆದಳು. ಇನ್ನೊಮ್ಮೆ, ಜೋರಾಗಿ. ಅದು ಅಲುಗಲಿಲ್ಲ.

ಅವನು ಕಿಟಕಿಯ ಕೆಳಗೆ ಬಂದು ನಿಂತಿದ್ದ.

"ಎಳೀಬ್ಯಾಡ್ರಿ. ಪಟ್ಟಿ ಬಿಡೂದಿಲ್ಲ, ಬಟ್ಟಿ ಹರಿತೈತಿ."

"ಹರದ್ರ ಸೂಜಿ ಐತಲ್ರಿ" ಎಂದಳು.