ಒಂದು ತುದಿಯ ತುಕ್ಕು

ಎರಡು ದಿನದ ಹಿಂದೆ ಕಾಣೆಯಾಗಿದ್ದ ಮಂಚದ ಹೊದಿಕೆ ಮಹಡಿಯ ಅದೇ ಹಗ್ಗದ ಮೇಲೆ ಒಣಗುತ್ತಿತ್ತು.

"ಕದ್ದಿದ್ದನ್ನ ಹೆದರಿ ತಂದು ಹಾಕಿದಾಳೆ. ಇನ್ಮೇಲೆ ಇವಳು ಬರೋದೇ ಬೇಡ" ಎಂದಳು ಹೊದಿಕೆ ಕಳೆದುಕೊಂಡ ಮನೆ ಒಡತಿ. ಬಟ್ಟೆ ಒಗೆಯುವಾಕೆ ಗೋಡೆಗೆ ಒರಗಿ ನಿಂತಿದ್ದಳು. ಈ ಸಾಲುಮನೆಗಳ ಕೆಲಸ ತಪ್ಪಿದರೆ ಅವಳಿಗೆ ಬೇರೆ ದಿಕ್ಕಿರಲಿಲ್ಲ.

ಇಂಥ ಹೊತ್ತಿನಲ್ಲಿ ಸಾಲಿನವರು ಕರೆಯುತ್ತಿದ್ದುದು ಕೊನೆಮನೆಯ ನರ್ಸಮ್ಮನನ್ನು. ಆಸ್ಪತ್ರೆ ಬಿಟ್ಟು ವರ್ಷಗಳಾಗಿದ್ದರೂ ಅವಳ ಕಣ್ಣಿಗೆ ನಿವೃತ್ತಿಯಾಗಿರಲಿಲ್ಲ. ಅವಳು ಮೇಲೆ ಬಂದಳು; ಹಿಂದೆಯೇ ಅವಳ ಗಂಡ, ಹಳೇ ಬಸ್ ಕಂಡಕ್ಟರ್, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಅವರ ಮನೆಯಲ್ಲಿ ಒಗೆಯುವುದು ನರ್ಸಮ್ಮನೇ. ಹಿಂಡುವಾಗ ಇನ್ನೊಂದು ತುದಿ ಹಿಡಿಯುವುದು, ಸಂಜೆ ಒಣಗಿದ್ದನ್ನು ತರುವುದು ಅವನು.

ನರ್ಸಮ್ಮ ಹೊದಿಕೆಯ ಮೇಲೆ ಬೆರಳಾಡಿಸಿದಳು. ಒಂದು ತುದಿಯಲ್ಲಿ ತುಕ್ಕಿನ ಕಲೆ. ಅಲ್ಲಿಂದಲೇ ಸುಕ್ಕುಗಳು ಹೊರಟಿದ್ದವು.

"ಹೊದಿಕೆ ಕಳೆದುಹೋದ ದಿನ ಕ್ಲಿಪ್ಪುಗಳು ಎಲ್ಲಿದ್ವು?"

"ಡಬ್ಬಿಯೊಳಗೇ ಇದ್ವಲ್ಲ" ಎಂದಳು ಒಡತಿ.

ಸಂಜೆ ನರ್ಸಮ್ಮ ಎಲ್ಲರನ್ನೂ ಮಹಡಿಗೆ ಕರೆಸಿದಳು. ಕೊನೆಗೆ ಬಂದವರು ಅದೇ ಸಾಲಿನ ಡ್ರಾಯಿಂಗ್ ಮೇಷ್ಟ್ರು. ಬೇಸಿಗೆಯಲ್ಲಿ ಹೆಂಡತಿ ತೀರಿಕೊಂಡ ಮೇಲೆ ಅವರು ಹೊರಗೆ ಕಾಣಿಸುವುದೇ ಅಪರೂಪವಾಗಿತ್ತು.

"ಕದಿಯೋರು ಸೆಳ್ಕೊಂಡು ಓಡ್ತಾರೆ" ಎಂದಳು ನರ್ಸಮ್ಮ. "ಇದನ್ನ ತಗೊಂಡೋರು ಕ್ಲಿಪ್ ಬಿಡಿಸಿ ಡಬ್ಬಿಗೆ ಹಾಕಿದಾರೆ. ತಮ್ಮದೇ ಅಂದ್ಕೊಂಡು, ರೂಢಿ ಮೇಲೆ. ಆಮೇಲೆ ಒಗೆದಿದಾರೆ. ಹಿಂಡೋಕೆ ಒಂದು ತುದೀನ ಕಿಟಕಿ ಸರಳಿಗೆ ಕಟ್ಟಿದಾರೆ, ತುಕ್ಕು ಹತ್ತಿದೆ. ಈಕೆ ಒಗೆಯೋ ಕಲ್ಲಿನ ಹತ್ರ ನಾದಿನಿ ಜೊತೆ ಹಿಂಡ್ತಾಳೆ, ಅಲ್ಲಿ ಕಬ್ಬಿಣವೇ ಇಲ್ಲ. ಇನ್ನೊಂದು ತುದಿ ಹಿಡಿಯೋಕೆ ಜನ ಇಲ್ಲದ ಮನೆ ಈ ಸಾಲಲ್ಲಿ ಒಂದೇ."

ಯಾರೂ ತಿರುಗಿ ನೋಡಲಿಲ್ಲ. ಮೇಷ್ಟ್ರೇ ಬಾಯಿಬಿಟ್ಟರು.

"ಸಂಜೆ ಆಯ್ತು, ಕಾಲು ತಾನಾಗೇ ಮೇಲೆ ಬಂತು. ಬಟ್ಟೆ ತರೋದು ನನ್ನ ಪಾಲಿನ ಕೆಲಸ. ತಂದು ಹಾಸಿ ಮಲಗಿದೆ. ಬೆಳಿಗ್ಗೆ ಎದ್ದಾಗ ಹೊಳೀತು, ಒಗೆಯೋರೇ ಇಲ್ಲ, ಒಣಗಿದ್ದು ಎಲ್ಲಿಂದ ಬಂತು ಅಂತ. ಮಲಗಿದ್ದನ್ನ ಹಾಗೇ ಕೊಡೋಕೆ ನಾಚಿಕೆಯಾಯ್ತು."

"ನಿಮ್ಮದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗ್ಲಿಲ್ವಾ?" ಒಡತಿ ಕೇಳಿದಳು.

"ನಮ್ಮದು ಹೇಗಿತ್ತು ಅಂತ ನಾನು ಯಾವತ್ತೂ ನೋಡಿರಲಿಲ್ಲ." ಆಮೇಲೆ ಒಗೆಯುವಾಕೆಯ ಕಡೆ ತಿರುಗಿದರು. "ನಿನ್ನ ಮೇಲೆ ಮಾತು ಬಂದಾಗಲೇ ಹೇಳ್ಬೇಕಿತ್ತು ತಾಯಿ. ಬಾಯಿ ಬರಲಿಲ್ಲ."

"ಇನ್ನೊಂದ್ಸಲ ನನ್ನ ಕರೀರಿ ಸಾರ್" ಎಂದಳು ಅವಳು. "ಹೀಗೆ ಹಿಂಡಿದ್ರೆ ಹರಿದುಹೋಗತ್ತೆ."

ಒಡತಿ ಹೊದಿಕೆಯನ್ನು ಸುತ್ತಿ ಕಂಕುಳಿಗೆ ಸೇರಿಸಿ, "ನಾಳೆ ಹೊತ್ತಿಗೆ ಸರಿಯಾಗಿ ಬಾ" ಎಂದು ಗೊಣಗಿ ಇಳಿದಳು. ನರ್ಸಮ್ಮ ಮೇಷ್ಟ್ರ ಕೈ ಹಿಡಿದು ಮೆಟ್ಟಿಲು ಇಳಿಸಿದಳು.

ಕಂಡಕ್ಟರ್ ಮಾತ್ರ ಉಳಿದ. ಅವನ ಪಾಲಿನ ಕೆಲಸ ಬಾಕಿಯಿತ್ತು. ಹಗ್ಗದ ಮೇಲೆ ಮಾಸಲು ಬಣ್ಣದ ಎರಡು ಹೊದಿಕೆಗಳು ಅಕ್ಕಪಕ್ಕ ತೂಗುತ್ತಿದ್ದವು. ಒಂದು ತಮ್ಮದು, ಇನ್ನೊಂದು ಯಾರದೋ. ತಮ್ಮದು ಯಾವುದು? ಕ್ಲಿಪ್ಪಿಗೆ ಹೋದ ಕೈ ಅಲ್ಲೇ ನಿಂತಿತು.

ಅವನು ಕೈ ಕೆಳಗಿಳಿಸಿ, ಮೆಟ್ಟಿಲ ಕಡೆ ಹೆಂಡತಿಯ ಹೆಜ್ಜೆಗೆ ಕಿವಿಗೊಟ್ಟು ನಿಂತ. ಅವಳು ಬರುವುದು ತಡವಾಯಿತು.