ಕತ್ತರಿಸದ ಹಾಳೆಗಳು

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಶಾಲೆ ಬಿಟ್ಟ ಮೇಲೆ ನಾನು ದೊಡ್ಡಪ್ಪನ ಮನೆಯಲ್ಲಿದ್ದು ಅವರ ಪುಸ್ತಕಗಳ ಧೂಳು ಒರೆಸುತ್ತಿದ್ದೆ. ತೀರಿಹೋದ ಸಾಹಿತಿಗಳ ನೆನಪಿಗೆ ಗೆಳೆಯರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದ ಪುಸ್ತಕಗಳ ಮೊದಲ ಮುದ್ರಣವೆಂದರೆ ದೊಡ್ಡಪ್ಪನಿಗೆ ಪ್ರಾಣ. ಹೊಸದಾಗಿ ಸಿಕ್ಕಿದ್ದ ಒಬ್ಬ ಕವಿಯ ನೆನಪಿನ ಪುಸ್ತಕದಲ್ಲಿ, ಓದುವವರೇ ಕತ್ತರಿಸಿ ಬಿಡಿಸಿಕೊಳ್ಳಬೇಕಾದ ಹಾಳೆಗಳ ಅಂಚಿನ ಮಡಿಕೆಯನ್ನೇ ಯಾರೂ ಕತ್ತರಿಸಿರಲಿಲ್ಲ. ಯಾರೂ ಓದಿರದ ಪ್ರತಿ ಎಂದೇ ಅದಕ್ಕೆ ಅಷ್ಟು ಬೆಲೆ.

ಅದು ಮನೆಗೆ ಬಂದ ಮರುದಿನ ಮಧ್ಯಾಹ್ನ ನೋಡಿದರೆ ಮೊದಲ ಮಡಿಕೆ ಬಿಚ್ಚಿತ್ತು, ಬೆರಳಿನಿಂದ ಹರಿದ ಹಾಗೆ. ಅದರ ಮರುದಿನ ಇನ್ನೊಂದು. ಮುಟ್ಟಿದರೆ ಪುಸ್ತಕ, ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯಂತೆ ಬೆಚ್ಚಗಿತ್ತು.

“ಓದೋ ಆಸೆ ಇದ್ರೆ ಬೇರೆ ಪುಸ್ತಕ ಇರ್ಲಿಲ್ವೇನಮ್ಮ? ಇನ್ನೊಂದು ಹರಿದ್ರೆ ನಿನ್ನನ್ನ ನಿಮ್ಮನೆಗೆ ಕಳಿಸ್ತೀನಿ,” ಅಂದರು ದೊಡ್ಡಪ್ಪ. ನಮ್ಮ ಮನೆಯಲ್ಲಿ ಒಂದು ಪುಸ್ತಕವೂ ಇರಲಿಲ್ಲ.

ದೊಡ್ಡಪ್ಪ ಪುಸ್ತಕವನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ ನನ್ನೆದುರೇ ಕುಳಿತರು. ಸ್ವಲ್ಪ ಹೊತ್ತಿಗೆ ಬೀರುವಿನೊಳಗೆ ನಿಧಾನವಾಗಿ ಕಾಗದ ಹರಿಯುವ ಸದ್ದಾಯಿತು. ಆಮೇಲೆ ಹಾಳೆ ಮಗುಚಿದ ಸದ್ದು. ಗಾಜಿನ ಮೇಲೆ ಒಳಗಿನಿಂದ ಉಸಿರಿನ ಮಬ್ಬು ಕಟ್ಟಿತು.

“ನೀನಲ್ಲ ಕಣಮ್ಮ,” ಅಂದರು ದೊಡ್ಡಪ್ಪ, ಬೆವರು ಒರೆಸಿಕೊಳ್ಳುತ್ತ. “ಪಾಪ, ಓದ್ಕೊಳ್ಳಲಿ ಬಿಡು. ಅವರ ಬಗ್ಗೇನೇ ಬರೆದಿರೋದಲ್ವಾ.”

ಹೆದರಿಕೆ ಹಾಗಿರಲಿ, ನನಗೆ ಹೋದ ಜೀವ ಬಂದಂತಾಯಿತು.

ಕ್ರಮೇಣ ಮಡಿಕೆಗಳೆಲ್ಲ ಬಿಚ್ಚಿಕೊಂಡವು. ನಡುವಿನದೊಂದು ಮಾತ್ರ ಇವತ್ತಿಗೂ ಹಾಗೆಯೇ ಇದೆ. ಸಂದಿಯಲ್ಲಿ ಇಣುಕಿದರೆ ಮೇಲುಗಡೆ, ಬರೆದವರ ಹೆಸರಿನ ಜಾಗದಲ್ಲಿ, ಕವಿಯ ಹೆಂಡತಿಯ ಹೆಸರು ಕಾಣುತ್ತದೆ. ಪುಸ್ತಕವೆಲ್ಲ ತಣ್ಣಗಾಗಿದೆ. ಆ ಅಂಚೊಂದು ಮಾತ್ರ, ಮುಟ್ಟಿದಾಗಲೆಲ್ಲ, ಬೆಚ್ಚಗಿರುತ್ತದೆ.